ನಾಲ್ಕು ನಿಮಿಷ ಹತ್ತು ಸೆಕೆಂಡು

ಇಲ್ಲ, ಕಾಳಜ್ಜ ಇಷ್ಟು ದೂರ ಏನೂ ಹೇಳದೆ ನಡೆಯುವ ಮನುಷ್ಯನಲ್ಲ. ಅಥವಾ ನಡೆದನೋ? ಆ ರೆಕಾರ್ಡಿಂಗನ್ನು ತಾನು ಪೂರ್ತಿ ಕೇಳಿದ್ದು ಹೌದೇ? ಕೇಳಿದ್ದೇನೆ ಎಂದು ಶ್ರೀಧರನ್ ಅವರಿಗೆ ಹೇಳಿದ್ದು ನೆನಪಿದೆ. ಕೇಳಿದ್ದು ನೆನಪಿಲ್ಲ.

ತೇಜಸ್ ನಕ್ಷೆಯನ್ನು ಮೇಜಿನ ಮೇಲೆ ತಿರುಗಿಸಿಟ್ಟ. ತಿರುಗಿಸಿದರೂ ಗೆರೆ ಅದೇ ಗೆರೆ. ತೊಂಡಿಕೊಲ್ಲಿ ಎಂಬ ಬುಡಕಟ್ಟು ಹಾಡಿಯ ಕಾಡಿನ ಎಲ್ಲೆ ಎಂದು ಸರ್ವೆಯವನು ಎಳೆದ ಆ ಗೆರೆ ಉದ್ದಕ್ಕೂ ಅಂಕುಡೊಂಕಾಗಿತ್ತು. ಇಪ್ಪತ್ತು ಮೀಟರಿಗೊಂದು ಕಲ್ಲು, ಮೂವತ್ತು ಮೀಟರಿಗೊಂದು ಮರ, ನಡುವೆ ಎಲ್ಲೋ ಒಂದು ನೀರಿನ ಜಾಗ. ಇಪ್ಪತ್ತೆರಡನೆಯ ಗುರುತಾದ ಬಾಗಿದ ಮತ್ತಿಮರದಿಂದ ಇಪ್ಪತ್ತಮೂರನೆಯ ಗುರುತಾದ ಎರಡು ಕಲ್ಲಿನ ತೊರೆಯವರೆಗೆ ಮಾತ್ರ ಅದು ಅಡಿಕೋಲು ಇಟ್ಟು ಎಳೆದಂತೆ ನೇರವಾಗಿತ್ತು. ನೂರ ನಲವತ್ತು ಮೀಟರು. ಹುತ್ತ ಕಂಡರೂ ನಿಂತು ಅದರ ಕಥೆ ಹೇಳುವ ಮುದುಕ ನೂರ ನಲವತ್ತು ಮೀಟರು ಸುಮ್ಮನೆ ದಾಟಿದನೇ?

ನಾಳೆ, ಶುಕ್ರವಾರ, ಬೆಳಿಗ್ಗೆ ಒಂಬತ್ತಕ್ಕೆ ಪರಿಶೀಲನೆಯ ತಂಡ ಬರುವುದಿತ್ತು. ಈ ನಕ್ಷೆಯನ್ನೂ, ಆಗಲೇ ಸಲ್ಲಿಕೆಯಾಗಿ ಮೊಹರು ಬಿದ್ದಿದ್ದ, ಹಾಡಿಯ ಹಿರಿಯ ಕಾಳಜ್ಜನ ಹೇಳಿಕೆಯ ಮುದ್ರಿತ ಪ್ರತಿಯನ್ನೂ ಹಿಡಿದು ಅವರು ಎಲ್ಲೆಯುದ್ದಕ್ಕೂ ನಡೆಯುತ್ತಾರೆ. ಹಳಬರ ಹೇಳಿಕೆಯೇ ಇಲ್ಲಿ ಸಾಕ್ಷಿ. ಕಾಗದದಲ್ಲಿ ಇದ್ದದ್ದು ನೆಲದ ಮೇಲೂ ಕಂಡರೆ ಅದು ಹಾಡಿಯವರ ಹಕ್ಕಿಗೆ ಸೇರುತ್ತದೆ. ಕಾಗದದಲ್ಲಿ ಇಲ್ಲದ್ದು ಅರಣ್ಯ ಇಲಾಖೆಗೆ ಉಳಿಯುತ್ತದೆ.

ಅವನು ಎದ್ದು ಕಿಟಕಿಗೆ ಹೋದ. ಕೆಳಗೆ ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಗಡಿಯ ಬಾವಲಿಗೆ ಹೋಗುವ ಬಸ್ಸು ನಿಂತಿತ್ತು. ಗೊಬ್ಬರದ ಅಂಗಡಿಯ ಮೇಲಿನ ಈ ಒಂದು ಕೋಣೆಯೇ ಶ್ರೀಧರನ್ ಅವರ ಟ್ರಸ್ಟಿನ ಆಫೀಸು. ತೇಜಸ್‌ನದು ಮುಳ್ಳನ್ಕೊಲ್ಲಿಯ ಕನ್ನಡದ ಮನೆ. ಅಪ್ಪ ಮಹದೇವಪ್ಪ ಮೆಣಸಿನ ವ್ಯಾಪಾರಿ. ಡಿಗ್ರಿ ಮುಗಿಸಿ ಎರಡು ವರ್ಷ ಸುಮ್ಮನಿದ್ದವನಿಗೆ ಈ ಕೆಲಸ ಸಿಕ್ಕಿದ್ದು ಕನ್ನಡ, ಮಲಯಾಳ ಎರಡೂ ಭಾಷೆ ಬರುತ್ತದೆ, ಕಂಪ್ಯೂಟರೂ ಬರುತ್ತದೆ ಎಂಬ ಕಾರಣಕ್ಕೆ. ಸಹೋದ್ಯೋಗಿ ರೇಷ್ಮ ಹಳಬರ ಜೊತೆ ಕಾಡಿನಲ್ಲಿ ನಡೆದು, ಅವರು ಹೇಳಿದ್ದನ್ನು ರೆಕಾರ್ಡು ಮಾಡಿ, ನಕ್ಷೆಗೆಂದು ಒಂದೊಂದು ಗುರುತಿಗೂ ಫೋನಿನಲ್ಲಿ ಪಾಯಿಂಟ್ ಹಾಕಿ, ಆಮೇಲೆ ಕೂತು ಟೈಪು ಮಾಡುತ್ತಾಳೆ. ಟೈಪು ಮಾಡುವಾಗ ಒಂದೊಂದಕ್ಕೂ ಒಂದೊಂದು ಟ್ಯಾಗ್ ಹಾಕುತ್ತಾಳೆ: ಇದು ಕಲ್ಲು, ಇದು ಮರ, ಇದು ನೀರು. ಆ ಫೈಲನ್ನು ಅಧಿಕಾರಿಗಳು ಓದುವ ಹೇಳಿಕೆಯಾಗಿ ಮಾಡುವುದು ತೇಜಸ್ ಬರೆದ ಸ್ಟೈಲ್‌ಶೀಟು. ಎಕ್ಸ್‌ಎಸ್‌ಎಲ್‌ಟಿ ಎಂಬ, ಈಗ ಯಾರೂ ಹೆಚ್ಚು ಕಲಿಯದ ಹಳೆಯ ಭಾಷೆಯದು. ಅವನಿಗೆ ಅದು ಹಿಡಿಸಿತ್ತು. ಅದರಲ್ಲಿ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಅಪ್ಪಣೆ ಕೊಡಬೇಕಿಲ್ಲ. ಇಂಥದ್ದು ಎದುರಾದರೆ ಹೀಗೆ ಎಂದು ಬರೆದಿಟ್ಟು ಕಾಯುವುದು.

ಅದು ಅವನಿಗೆ ಮೊದಲ ದಿನವೇ ಅರ್ಥವಾಗಿರಲಿಲ್ಲ. ಮೊದಲ ಸಲ ಅವನು ಕಲ್ಲುಗಳನ್ನೆಲ್ಲ ಆರಿಸು, ಆಮೇಲೆ ಮರಗಳನ್ನೆಲ್ಲ ಆರಿಸು, ಕೊನೆಗೆ ನೀರು ಎಂದು ಬರೆದಿದ್ದ. ಮೂರು ತಲೆಬರಹ, ಮೂರು ಪಟ್ಟಿ. ಶ್ರೀಧರನ್ ಮೆಚ್ಚಿಕೊಂಡರು. ಹಾಡಿಗೆ ಒಯ್ದು ಓದಿ ಹೇಳಿದಾಗ ಕಾಳಜ್ಜ ಏಳು ಕಲ್ಲಿನವರೆಗೆ ಕೇಳಿಸಿಕೊಂಡು ಕೈಯೆತ್ತಿದ.

"ಇವ ದಾರಿ ನಡಿಯಾಕೆ ಹೋಗಿಲ್ಲ. ಸೌದೆ ಆಯಾಕೆ ಹೋಗವ್ನೆ."

ಸುತ್ತ ಕೂತವರು ನಕ್ಕರು. ಕಾಳಜ್ಜ ನಗಲಿಲ್ಲ. "ಇದ್ನ ಹಿಡ್ಕಂಡು ಹೋದ್ರೆ ಆನೆಗೂ ದಾರಿ ತಪ್ಪದೆ, ಮೋನೇ. ಕಲ್ಲಾದ್ಮೇಲೆ ಕಲ್ಲು ಎಲ್ಲಿ ಬತ್ತದೆ? ಕಲ್ಲಾದ್ಮೇಲೆ ಮರ, ಮರದ ಬೆನ್ನಿಗೆ ಮುಳ್ಳು, ಆಮೇಲೆ ನೀರು. ಕಾಡು ಹಂಗೇ ಅದೆ."

ಅವನು ವಾಪಸು ಬಂದು ಆರಿಸುವ ಮೂರು ಸಾಲನ್ನೂ ಅಳಿಸಿ ಒಂದೇ ಸಾಲು ಬರೆದ. ಏನು ಎದುರಾಗುತ್ತದೋ ಅದಕ್ಕೆ ಹೊಂದುವ ಟೆಂಪ್ಲೇಟನ್ನು ಹಚ್ಚುತ್ತಾ ಹೋಗು. ಅಷ್ಟೆ. ಆಗ ಅಚ್ಚಾದ ಕಾಗದ ಮೊದಲ ಸಲ ನಡೆಯತೊಡಗಿತು.

ಅದಾದ ಕೆಲವು ದಿನಕ್ಕೆ ಕಾಳಜ್ಜನ ಮಗಳು ಚಾತಿ ಹೆಬ್ಬೆಟ್ಟಿನ ಕಾಗದಗಳಿಗಾಗಿ ಆಫೀಸಿಗೆ ಬಂದಿದ್ದಳು. ನಲವತ್ತೈದರ ಹೆಂಗಸು, ಯಾರ ಎದುರಿಗೂ ದನಿ ತಗ್ಗಿಸುವವಳಲ್ಲ. ಪರದೆಯನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದಳು.

"ಮಿಷಿನ್ ಸಾರೇ, ಇದ್ಕೆ ಕಲ್ಲು ಯಾವ್ದು, ಮರ ಯಾವ್ದು ಅಂತ ಹೆಂಗೆ ಗೊತ್ತಾತದೆ?"

"ಒಂದೊಂದಕ್ಕೂ ಒಂದೊಂದು ಕಟ್ಟಳೆ ಬರೆದಿಟ್ಟಿದೀನಿ ಚಾತಿಯಕ್ಕ. ಟೆಂಪ್ಲೇಟ್ ಅಂತಾರೆ. ಕಲ್ಲು ಬಂದ್ರೆ ಕಲ್ಲಿನ ಕಟ್ಟಳೆ ಎದ್ದು ಬರ್ತದೆ."

"ಮೊದ್ಲು ಬರ್ದಿದ್ದು ಮೊದ್ಲು ಎದ್ದು ಬತ್ತದಾ?"

"ಇಲ್ಲ. ನಾನು ಮೇಲೆ ಬರೆದ್ರೂ ಅಷ್ಟೇ, ಕೆಳಗೆ ಬರೆದ್ರೂ ಅಷ್ಟೇ. ಅಜ್ಜ ನಡೆದ ಹಾಗೇ ಮಿಷಿನೂ ನಡೀತದೆ. ಅಜ್ಜನಿಗೆ ಮೊದಲು ಏನು ಸಿಕ್ಕಿತೋ ಅದೇ ಮೊದಲು."

"ಒಂದ್ಕೇ ಇಬ್ರು ಎದ್ದು ಬಂದ್ರೆ?"

"ಹತ್ತಿರದವನು ಗೆಲ್ತಾನೆ. ಬರೀ ಕಲ್ಲಿಗೆ ಒಂದು ಕಟ್ಟಳೆ, ತೊರೆಯೊಳಗಿನ ಕಲ್ಲಿಗೆ ಇನ್ನೊಂದು ಇದ್ರೆ, ತೊರೆಯೊಳಗಿನ ಕಲ್ಲು ಸಿಕ್ಕಾಗ ಎರಡನೇದೇ. ಇಬ್ರೂ ಸಮಸಮ ಆದ್ರೆ ಕೊನೆಗೆ ಬರೆದದ್ದು ನಡೀತದೆ."

"ಶ್ರೀಧರನ್ ಸಾರ್ ಮೀಟಿಂಗೂ ಹಂಗೇ. ಕೊನೇಲಿ ಮಾತಾಡ್ದೋರ್ದೇ ನಡೀತದೆ." ಅವಳು ಹಾಲಿಲ್ಲದ ಕಟ್ಟನ್ ಚಹಾದ ಗ್ಲಾಸು ಎತ್ತಿಕೊಂಡು ಮತ್ತೆ ಕೇಳಿದಳು. "ಪಿನ್ನೆ, ಯಾರೂ ಏಳ್ದೆ ಹೋದ್ರೆ?"

"ಮಿಷಿನಿಗೆ ತನ್ನದೇ ಒಂದು ರೂಢಿ ಇದೆ. ಚೀಲ ಬಿಸಾಕಿ ಒಳಗಿದ್ದದ್ದನ್ನ ಹಾಗೇ ಸುರೀತದೆ. ಏನೂ ಕಳೆದುಹೋಗಲ್ಲ."

"ಚೀಲ್ದೊಳ್ಗೆ ಏನೂ ಇಲ್ದಿದ್ರೆ?"

ಅವನು ನಕ್ಕುಬಿಟ್ಟಿದ್ದ. "ಏನೂ ಇಲ್ಲದ ಚೀಲ ಯಾರು ಹೊರ್ತಾರೆ ಅಕ್ಕ?"

ಈಗ ಕಿಟಕಿಯಿಂದ ತಿರುಗಿ ಬಂದು ರೇಷ್ಮ ಟೈಪು ಮಾಡಿದ ಮೂಲ ಫೈಲು ತೆರೆದಾಗ ಆ ನಗು ಅವನ ಕಿವಿಗೇ ಕೇಳಿಸಿತು. ಮತ್ತಿಮರ ಮುಗಿದಿತ್ತು. ತೊರೆ ಶುರುವಾಗಿರಲಿಲ್ಲ. ನಡುವೆ ಒಂದು ಸಾಲಿನಲ್ಲಿ, ತೆರೆದ ಕೂಡಲೇ ಮುಚ್ಚಿಕೊಂಡ ಒಂದು ಖಾಲಿ ಟ್ಯಾಗು. ಅದರ ಹೆಸರು ಮೌನ. ಅವಧಿ: ನಾಲ್ಕು ನಿಮಿಷ ಹತ್ತು ಸೆಕೆಂಡು.

ಅವಧಿಯನ್ನು ಅವಳು ಟ್ಯಾಗಿನ ಮೈಮೇಲೆ ಬರೆದಿದ್ದಳು, ಹೊಟ್ಟೆಯೊಳಗಲ್ಲ. ಮೈಮೇಲಿನದನ್ನು ಓದು ಎಂದು ಬೇರೆಯಾಗಿ ಹೇಳದಿದ್ದರೆ ಯಂತ್ರ ಓದುವುದಿಲ್ಲ. ಮೌನಕ್ಕೆ ತೇಜಸ್ ಟೆಂಪ್ಲೇಟ್ ಬರೆದಿರಲಿಲ್ಲ. ಯಂತ್ರ ಅಲ್ಲಿಗೆ ಬಂದಿತ್ತು, ಹೊಂದುವ ಕಟ್ಟಳೆ ಹುಡುಕಿತ್ತು, ಸಿಗದೆ ತನ್ನ ರೂಢಿಯಂತೆ ಒಳಗಿದ್ದದ್ದನ್ನು ಸುರಿದಿತ್ತು. ಒಳಗೆ ಏನೂ ಇರಲಿಲ್ಲ. ಹಾಗಾಗಿ ಮುಂದಿನ ತೊರೆಗೆ ಹೋಗಿತ್ತು. ಗುರುತುಗಳಿಗೆ ಸಂಖ್ಯೆ ಕೊಡುವ ಸಾಲು ಕಲ್ಲು, ಮರ, ನೀರು ಇವನ್ನಷ್ಟೇ ಎಣಿಸುತ್ತಿದ್ದುದರಿಂದ ಸಂಖ್ಯೆಯಲ್ಲೂ ತೂತು ಬಿದ್ದಿರಲಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು. ತಪ್ಪಾಗಿದ್ದರೆ ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಯಂತ್ರ ತಪ್ಪು ಮಾಡಿರಲಿಲ್ಲ.

ಅವನು ರೆಕಾರ್ಡಿಂಗ್ ಹಾಕಿ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡ. "ಇದು ಬಾಗಿದ್ ಮತ್ತಿ. ನಮ್ಮಪ್ಪನ ಕಾಲ್ದಲ್ಲೂ ಬಾಗೇ ಇತ್ತು" ಎಂದು ಕಾಳಜ್ಜ ಹೇಳುತ್ತಾನೆ. ಆಮೇಲೆ ಹೆಜ್ಜೆ. ಒಣಗಿದ ಎಲೆ. ದೂರದಲ್ಲಿ ಕುಟ್ರುಹಕ್ಕಿ. ಅಲ್ಲಿಯವರೆಗೆ ಎರಡು ಹೆಜ್ಜೆಗೊಮ್ಮೆ ಕೇಳುತ್ತಿದ್ದ ಕೋಲಿನ ಸದ್ದು ಕೂಡ ನಿಂತುಹೋಗಿತ್ತು. ಉಸಿರು ಮಾತ್ರ ಏರುತ್ತಾ ಇಳಿಯುತ್ತಾ ಬಂತು. ಅವನು ಗಡಿಯಾರ ನೋಡುತ್ತಾ ಕೇಳಿದ. ನಾಲ್ಕು ನಿಮಿಷ ಹತ್ತು ಸೆಕೆಂಡು ಕಳೆದು ನೀರಿನ ಸದ್ದಾಯಿತು, ಕೋಲು ಕಲ್ಲಿಗೆ ತಾಗಿತು. "ಇದು ಎರಡ್ ಕಲ್ಲಿನ್ ತೊರೆ."

ರೇಷ್ಮ ತರಬೇತಿಗೆಂದು ಕೋಝಿಕ್ಕೋಡಿನಲ್ಲಿದ್ದಳು. ಅವನು ಫೋನು ಮಾಡಿದ. ಅವರಿಬ್ಬರ ಮಾತು ಯಾವಾಗಲೂ ಮಲಯಾಳದಲ್ಲೇ.

"ಏನೋ, ನಾನಿಲ್ಲದೆ ಆಫೀಸು ನಡೀತಾ ಇಲ್ವಾ?"

"ತೊಂಡಿಕೊಲ್ಲೀಲಿ ಮತ್ತಿಮರ ದಾಟಿದ ಮೇಲೆ ಏನಾಯ್ತು ಅವತ್ತು?"

"ಅಲ್ಲಿ ಮಾತಾಡಬಾರದು. ಮರ ದಾಟಿದ್ರೆ ತೊರೆ ಸಿಗೋವರೆಗೆ. ನಾನೇನೋ ಕೇಳೋಕೆ ಹೋದೆ, ಚಾತಿಚೇಚಿ ನನ್ನ ಬಾಯಿ ಮೇಲೇ ಕೈಯಿಟ್ರು. ಅಜ್ಜ ಕೋಲು ಕೂಡ ಕಂಕುಳಲ್ಲಿ ಇಟ್ಕೊಂಡ್ರು. ಎಡಗಡೆ ಒಂದು ದಿಣ್ಣೆ ಇದೆ, ಅದನ್ನ ಪೂರಾ ಸುತ್ತಿ ಇಳಿದ್ವಿ. ಅವರ ಹಿರಿಯರು ಅಲ್ಲಿದ್ದಾರೆ ಅಂತ ಕಾಣ್ತದೆ. ಯಾರೂ ಹೇಳಲಿಲ್ಲ. ಫೋನ್ ತೆಗೆದು ಪಾಯಿಂಟ್ ಹಾಕೋಕೂ ನಂಗೆ ಕೈ ಬರಲಿಲ್ಲ, ಅದಕ್ಕೇ ಎಷ್ಟು ಹೊತ್ತು ಅಂತ ಮಾತ್ರ ಬರೆದೆ. ಆ ಟ್ಯಾಗಿಗೆ ಏನಾದರೂ ಮಾಡು ಅಂತ ನಿಂಗೆ ಹೇಳಿದ್ದೆನಲ್ಲ."

"ಹೇಳಿದ್ದೆ."

"ಮಾಡಿದ್ಯಾ?"

ಅವನ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು. ಮೌನಕ್ಕೆ ಹೊಂದುವ ಟೆಂಪ್ಲೇಟಿನ ಮೊದಲ ಸಾಲು ಪರದೆಯ ಮೇಲಿತ್ತು. "ಮಾಡಿದೀನಿ" ಎಂದ.

"ಮತ್ತೆ ಯಾಕೆ ಕೇಳಿದ್ದು?"

"ಸುಮ್ಮನೆ."

ನಾಲ್ಕು ಸಾಲಿನ ಟೆಂಪ್ಲೇಟು. ಅದನ್ನು ಮೊದಲು ಕೆಳಗೆ ಬರೆದ. ಕತ್ತರಿಸಿ ಮೇಲಕ್ಕೆ ಅಂಟಿಸಿದ. ಮತ್ತೆ ಮರ ಮತ್ತು ನೀರಿನ ನಡುವೆ ತಂದಿಟ್ಟ. ಎಲ್ಲಿಟ್ಟರೂ ಒಂದೇ ಎಂದು ಚಾತಿಗೆ ತಾನೇ ಹೇಳಿದ್ದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ. ಓಡಿಸಿದ. ಐದನೆಯ ಪುಟದಲ್ಲಿ, ಇಪ್ಪತ್ತೆರಡಕ್ಕೂ ಇಪ್ಪತ್ತಮೂರಕ್ಕೂ ನಡುವೆ, ಸಂಖ್ಯೆಯಿಲ್ಲದ ಒಂದು ಸಾಲು ಬಂದು ಕೂತಿತು: ಇಲ್ಲಿ ನಡೆಯುವವರು ಮಾತಾಡುವುದಿಲ್ಲ, ನಾಲ್ಕು ನಿಮಿಷ ಹತ್ತು ಸೆಕೆಂಡು.

ಆ ಒಂದು ಪುಟವನ್ನು ಅಚ್ಚು ಹಾಕಿ ಬ್ಯಾಗಿಗೆ ತುರುಕಿದ. ಕೆಳಗಿಳಿದು ಚಹಾ ಹೇಳಿದ, ಕುಡಿಯದೆ ಮೇಲೆ ಬಂದ. ಇದೇ ಸ್ಟೈಲ್‌ಶೀಟಿನಿಂದ ಇನ್ನೂ ಮೂರು ಹಾಡಿಗಳ ಹೇಳಿಕೆ ಹೊರಬಿದ್ದಿತ್ತು. ಮೂರೂ ಆಗಲೇ ಸಲ್ಲಿಕೆಯಾಗಿದ್ದವು. ಮೂಲ ಫೈಲುಗಳಲ್ಲಿ ಮೌನ ಎಂದು ಹುಡುಕಿದ. ಒಂದರಲ್ಲಿ ಇರಲಿಲ್ಲ. ಒಂದರಲ್ಲಿ ಒಂದು. ನೂಲ್ಪುಳದ ಕಡೆಯ ಹಾಡಿಯದರಲ್ಲಿ ಮೂರು.

ಐದು ಗಂಟೆಗೆ ಶ್ರೀಧರನ್ ಬಂದರು. ಹದಿನೆಂಟು ವರ್ಷ ಆಫೀಸಿಂದ ಆಫೀಸಿಗೆ ಫೈಲು ಹೊತ್ತು ತಿರುಗಿದ ಮನುಷ್ಯ. ಕುರ್ಚಿಯಲ್ಲಿ ಕೂರದೆ ಬಾಗಿಲಲ್ಲೇ ನಿಂತು ಕೇಳಿದರು. "ತೇಜಸೇ, ಎಲ್ಲಾ ಶರಿ ಅಲ್ವೇ? ನಾಳೆ ಬರೋ ಸಾರ್ ಒಳ್ಳೇವ್ರು. ಆದ್ರೆ ಕಾಗದದಲ್ಲಿ ಒಂದು ಕಡೆ ಸಂಶಯ ಬಂದ್ರೆ ನಾಲ್ಕೂ ಫೈಲನ್ನ ಪಕ್ಕಕ್ಕಿಡ್ತಾರೆ. ಅದೇ ನಂಗೆ ಹೆದರಿಕೆ."

"ಶರಿ ಸಾರ್" ಎಂದ ತೇಜಸ್. ನಾಳೆ ಅಲ್ಲೇ, ಮರದ ಬುಡದಲ್ಲೇ, ಪುಟವನ್ನು ಕೊಟ್ಟುಬಿಡುತ್ತೇನೆ ಎಂದುಕೊಂಡ. ಅಲ್ಲಿ ಹೇಳುವುದು ಸುಲಭ. ನೆಲ ಕಣ್ಣೆದುರಿಗೇ ಇರುತ್ತದೆ.

ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಜೀಪು ಹಾಡಿಗೆ ಬಂತು. ಅಧಿಕಾರಿ ಐವತ್ತು ದಾಟಿದವರು. ಜಿಗಣೆಗಾಗಿ ಮೊಣಕಾಲವರೆಗೆ ಬಟ್ಟೆಯ ಕಾಲುಚೀಲ ಕಟ್ಟಿಕೊಂಡಿದ್ದರು. ಜೊತೆಗೆ ಸರ್ವೆಯವನು. ಕಾಳಜ್ಜನನ್ನು ಕಂಡು ಅಧಿಕಾರಿ ಕೈ ಮುಗಿದರು. ಮುದುಕನಿಗೆ ಎಂಬತ್ತರ ಹತ್ತಿರ. ಒಂದು ಕಣ್ಣಿಗೆ ಪೊರೆ. ತೊಳೆದ ಅಂಗಿ ಹಾಕಿ, ಕೋಲು ಹಿಡಿದು, ಸೂರ್ಯ ಏಳುವ ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದನಂತೆ.

"ರಾತ್ರಿ ಮೂರ್ ಸಲ ನಡ್ದವ್ನೆ" ಎಂದಳು ಚಾತಿ. "ಮಲಗ್ದಲ್ಲೇ. ಬಾಯಲ್ಲಿ ಕಲ್ಲು, ಮರ, ಕಲ್ಲು, ಮರ. ನಂಗೂ ನಿದ್ದೆ ಇಲ್ಲ."

"ನಿಂಗ್ಯಾಕೆ ನಿದ್ದೆ?" ಎಂದ ಕಾಳಜ್ಜ. "ಸತ್ಮೇಲೆ ಬೇಕಾದಷ್ಟದೆ."

ನಡಿಗೆ ಶುರುವಾಯಿತು. ಮುಂದೆ ಕಾಳಜ್ಜ, ಹಿಂದೆ ಚಾತಿ, ಆಮೇಲೆ ಅಧಿಕಾರಿ, ಸರ್ವೆಯವನು, ಶ್ರೀಧರನ್, ಕೊನೆಗೆ ಓದುವವನು. ಕಾಳಜ್ಜ ಗುರುತು ಮುಟ್ಟಿ ಹೇಳುವುದು, ತೇಜಸ್ ಕಾಗದದಿಂದ ಅದನ್ನೇ ಮಲಯಾಳದಲ್ಲಿ ಓದುವುದು, ಅಧಿಕಾರಿ ತಲೆಯಾಡಿಸಿ ಟಿಕ್ಕು ಹಾಕುವುದು. ಹತ್ತಾಯಿತು, ಹದಿನೈದಾಯಿತು. ಪ್ರತಿ ಸಲವೂ ಮುದುಕನ ಮಾತು ಮತ್ತು ಕಾಗದ ಒಂದೇ ಕಡೆ ಬಂದು ನಿಲ್ಲುತ್ತಿದ್ದವು. ಹದಿನೆಂಟನೆಯದಕ್ಕೆ ಅಧಿಕಾರಿ ಶ್ರೀಧರನ್ ಕಡೆ ತಿರುಗಿದರು. "ಹೀಗೆ ಹೊಂದೋ ಫೈಲನ್ನ ನಾನು ನೋಡಿಲ್ಲ." ಶ್ರೀಧರನ್ ಹಿಂತಿರುಗಿ ತೇಜಸ್‌ನನ್ನು ನೋಡಿ ನಕ್ಕರು. ತೇಜಸ್ ಕಾಲಿನ ಜಿಗಣೆ ಕೀಳಲು ಬಗ್ಗಿದ. ಜಿಗಣೆ ಇರಲಿಲ್ಲ.

ಇಪ್ಪತ್ತೆರಡು. ಬಾಗಿದ ಮತ್ತಿ. "ನಮ್ಮಪ್ಪನ ಕಾಲ್ದಲ್ಲೂ ಬಾಗೇ ಇತ್ತು" ಎಂದ ಕಾಳಜ್ಜ. ತೇಜಸ್ ಓದಿದ. ಟಿಕ್ಕು ಬಿತ್ತು. ಸರ್ವೆಯವನು ನಕ್ಷೆ ನೋಡಿ ನೇರವಾಗಿ ಕೆಳಗೆ ಕೈ ತೋರಿಸಿದ. ಕೆಳಗೆ ಬಿದಿರಿನ ನಡುವೆ ತೊರೆ ಹೊಳೆಯುತ್ತಿತ್ತು.

ಕಾಳಜ್ಜ ಕೋಲನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಎಡಕ್ಕೆ ತಿರುಗಿ ದಿಣ್ಣೆ ಹತ್ತತೊಡಗಿದ.

"ಅಪ್ಪೂಪ್ಪಾ, ಆ ಕಡೆ ಅಲ್ಲ" ಎಂದು ಅಜ್ಜನನ್ನು ಕರೆದರು ಅಧಿಕಾರಿ. "ಕೆಳಗೆ, ಕೆಳಗೆ."

ಕಾಳಜ್ಜ ನಿಲ್ಲಲಿಲ್ಲ. ಚಾತಿ ಅವನ ಹಿಂದೆಯೇ ಹೊರಟಳು.

"ಚಾತಿ, ಎಲ್ಲಿಗೆ ಇವರು? ಕೇಳು" ಎಂದರು ಶ್ರೀಧರನ್. ಅವಳು ತಿರುಗಲಿಲ್ಲ. ಇಬ್ಬರೂ ಆಗಲೇ ಮರ ದಾಟಿದ್ದರು. ಮರ ದಾಟಿದವರು ಉತ್ತರ ಕೊಡಲಾರರು ಎಂದು ಗೊತ್ತಿದ್ದವನು ಅಲ್ಲಿ ತೇಜಸ್ ಒಬ್ಬನೇ. ಪುಟ ಬ್ಯಾಗಿನಲ್ಲಿತ್ತು. ಬ್ಯಾಗಿನ ಜಿಪ್ಪಿನ ಮೇಲೆ ಅವನ ಕೈಯಿತ್ತು.

"ಏನಿದು ಶ್ರೀಧರನ್?" ಅಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಓದಿ, ಮುಂದೆ ಏನಿದೆ?"

"ಇಪ್ಪತ್ತಮೂರು" ಎಂದು ಓದಿದ ತೇಜಸ್. "ಎರಡು ಕಲ್ಲಿನ ತೊರೆ."

ಓದಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಬಾಯಿ ಬೇರೇನನ್ನೋ ಹೇಳಲು ತೆರೆದಿತ್ತು.

ಎಲ್ಲರೂ ಮುದುಕನ ಹಿಂದೆ ನಡೆದರು, ಏಕೆಂದರೆ ಬೇರೆ ದಾರಿಯಿರಲಿಲ್ಲ. ಅಧಿಕಾರಿ ಒಂದೆರಡು ಸಲ ಏನೋ ಕೇಳಿದರು. ಮುಂದಿನ ಎರಡು ಬೆನ್ನುಗಳು ಮಾತಾಡಲಿಲ್ಲ. ಕ್ರಮೇಣ ಅವರೂ ಸುಮ್ಮನಾದರು. ದಿಣ್ಣೆಯ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅದರೊಳಗೆ ಅಲ್ಲಲ್ಲಿ ಚಪ್ಪಟೆ ಕಲ್ಲುಗಳು ಬೆನ್ನು ತೋರಿಸಿ ಮಲಗಿದ್ದವು. ಯಾರೂ ಅವನ್ನು ಎಣಿಸಲಿಲ್ಲ. ತೇಜಸ್‌ಗೆ ಆ ಹೆಜ್ಜೆಗಳೆಲ್ಲ ಕೇಳಿ ಗೊತ್ತಿದ್ದವು. ಇಲ್ಲಿ ಉಸಿರು ಏರುತ್ತದೆ. ಇಲ್ಲಿ ಎಲೆ ಹೆಚ್ಚು. ಈಗ ಇಳಿಯುತ್ತದೆ. ನೀರಿನ ಬಳಿ ಬಂದಾಗ ಕಾಳಜ್ಜ ಕೋಲು ಇಳಿಸಿ ಕಲ್ಲಿಗೆ ತಾಗಿಸಿದ.

"ಇದು ಎರಡ್ ಕಲ್ಲಿನ್ ತೊರೆ."

ಅಧಿಕಾರಿ ಬೆವರು ಒರೆಸಿಕೊಂಡರು. "ಅಪ್ಪೂಪ್ಪಾ, ಈ ದಿಣ್ಣೆಯನ್ನ ನೀವು ಹೇಳಿಕೆಯಲ್ಲಿ ಹೇಳಿಲ್ಲ. ಕಾಗದದಲ್ಲಿ ಇಲ್ಲ, ನಕ್ಷೆಯಲ್ಲೂ ಹೊರಗಿದೆ." ಅದನ್ನು ಕನ್ನಡದಲ್ಲಿ ಮುದುಕನಿಗೆ ತಿಳಿಸಬೇಕಾದವನು ತೇಜಸ್. ತಿಳಿಸಿದ.

"ನಾ ಹೇಳಿವ್ನಿ" ಎಂದ ಕಾಳಜ್ಜ.

"ಏನಂತ ಹೇಳಿದ್ರಿ?" ಎಂದರು ಅಧಿಕಾರಿ.

"ನಡ್ದಿವ್ನಿ. ಆ ಹುಡ್ಗಿ ಮುಂದೆ ನಡ್ದೇ ಹೇಳಿವ್ನಿ."

"ನಡೆದದ್ದು ಸರಿ. ಮಾತಲ್ಲಿ ಏನು ಹೇಳಿದ್ರಿ?"

ಚಾತಿ ಮುಂದೆ ಬಂದಳು. "ಅದು ನಮ್ದು ಸಾರ್. ಅದ್ರ ಬಗ್ಗೆ ಮಾತಿಲ್ಲ. ಆದ್ರೆ ನಮ್ದು."

"ಅಲ್ಲಿ ಏನಿದೆ?"

ಅಧಿಕಾರಿ ತಿರುಗಿ ದಿಣ್ಣೆಯನ್ನು ನೋಡಿದರು, ಹುಲ್ಲಿನೊಳಗಿನ ಕಲ್ಲುಗಳನ್ನು ನೋಡಿದರು. ಅವರಿಗೆ ಅರ್ಥವಾಯಿತೆಂದು ಅವರ ಮುಖವೇ ಹೇಳಿತು. ಒಳ್ಳೆಯ ಮನುಷ್ಯರು. ಒಂದು ದಾರಿ ಹುಡುಕುತ್ತಿದ್ದರು.

ಕಾಳಜ್ಜ ತೇಜಸ್ ಕಡೆ ತಿರುಗಿದ. ಪೊರೆಯಿಲ್ಲದ ಕಣ್ಣು ಅವನ ಮುಖದ ಮೇಲೆ ನಿಂತಿತು. "ಮೋನೇ, ಆ ಕಡಲಾಸ್ನಲ್ಲಿ ನೋಡು. ಇರ್ಬೇಕು. ನಾ ಬಿಟ್ಟಿಲ್ಲ."

ತೇಜಸ್ ಕೈಯಲ್ಲಿದ್ದ ಕಾಗದ ನೋಡಿದ. ಮೊಹರು ಬಿದ್ದ ಐದನೆಯ ಪುಟ. ಇಪ್ಪತ್ತೆರಡು, ಇಪ್ಪತ್ತಮೂರು. ಬ್ಯಾಗಿನೊಳಗಿನ ಐದನೆಯ ಪುಟಕ್ಕೆ ಮೊಹರು ಇರಲಿಲ್ಲ. ಅದನ್ನು ತೆಗೆದರೆ ಮೊದಲ ಪ್ರಶ್ನೆ, ಇದು ಯಾವಾಗ ಮಾಡಿದ್ದು ಎಂಬುದು. ಎರಡನೆಯ ಪ್ರಶ್ನೆ, ಇನ್ನುಳಿದ ಮೂರು ಫೈಲು. ಮೂರು ಹಾಡಿ, ಇನ್ನೂ ನಾಲ್ಕು ಮೌನ.

"ಇಲ್ಲ ಅಜ್ಜ" ಎಂದ. "ಇದರಲ್ಲಿ ಇಲ್ಲ."

ಅದು ಸುಳ್ಳಲ್ಲ. ಅದೇ ಅವನನ್ನು ಮುಂದೆ ಬಹಳ ದಿನ ಕಾಡಿತು.

ಶ್ರೀಧರನ್ ಮಧ್ಯೆ ಬಂದರು. "ಸಾರ್, ವಯಸ್ಸಾಯ್ತು ಅವರಿಗೆ. ನಲವತ್ತೊಂದು ಗುರುತಲ್ಲಿ ಒಂದು ಕಡೆ ಮರೆತಿದ್ದಾರೆ. ಮಗಳು ಹೇಳ್ತಾ ಇದ್ದಾಳಲ್ಲ. ಅವಳ ಹೇಳಿಕೆ ಅಂತ ಇಲ್ಲೇ ಸೇರಿಸಿಕೊಳ್ಳಿ. ನಾನೂ ಸಹಿ ಹಾಕ್ತೀನಿ."

ಅಧಿಕಾರಿಗೆ ಬೇಕಿದ್ದ ದಾರಿ ಸಿಕ್ಕಿತು. ಕಲ್ಲಿನ ಮೇಲೆ ಕೂತು ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದರು, ಬರೆದದ್ದನ್ನು ಓದಿ ಹೇಳಿದರು. ಹಿರಿಯರಾದ ಕಾಳ ಅವರು ವಯೋಸಹಜ ಮರೆವಿನಿಂದ ಈ ಭಾಗವನ್ನು ಬಿಟ್ಟಿದ್ದು, ಅವರ ಮಗಳ ಹೇಳಿಕೆಯ ಮೇರೆಗೆ ಸೇರಿಸಲಾಗಿದೆ. "ಚಿಂತೆ ಬೇಡ ಅಪ್ಪೂಪ್ಪಾ. ನಮ್ಮಪ್ಪನೂ ಹೀಗೇ. ಊಟ ಮಾಡಿದ್ದೇ ಮರೀತಾರೆ." ಪ್ರೀತಿಯಿಂದಲೇ ಮುದುಕನ ಭುಜ ತಟ್ಟಿದರು.

ಚಾತಿ ಹೆಬ್ಬೆಟ್ಟು ಒತ್ತಿದಳು. ದಿಣ್ಣೆ ಉಳಿಯಿತು.

"ಏನಂತ ಬರ್ದವ್ರೆ?" ಎಂದು ಕಾಳಜ್ಜ ಕೇಳಿದ. ಎಲ್ಲರೂ ತೇಜಸ್‌ನನ್ನು ನೋಡಿದರು.

"ನೀವು ಮರೆತಿದ್ರಿ ಅಂತ. ಆದ್ರೆ ಸೇರಿಸಿದ್ದಾರೆ ಅಜ್ಜ. ದಿಣ್ಣೆ ಸೇರ್ತು."

ಕಾಳಜ್ಜ ತಲೆಯಾಡಿಸಿದ. ಮತ್ತೆ ಮುಂದೆ ಹೊರಟ. ಇಪ್ಪತ್ತನಾಲ್ಕು, ಇಪ್ಪತ್ತೈದು. ಹೆಜ್ಜೆ ಮೊದಲಿನಂತೆಯೇ ಇತ್ತು. ಇಪ್ಪತ್ತೊಂಬತ್ತನೆಯದು ಒಂದು ಹಲಗೆ ಕಲ್ಲು. ಅವನು ಅದರ ಮೇಲೆ ಕೈಯಿಟ್ಟ, ತೆಗೆದ, ಆಚೆಗಿನ ಕಲ್ಲನ್ನು ನೋಡಿದ.

"ಚಾತೀ. ಇದೇ ತಾನೆ?"

ಅವಳು ತಟ್ಟನೆ ನಿಂತಳು. ಅಪ್ಪ ಕಾಡಿನಲ್ಲಿ ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲಿರಬೇಕು. "ಇದೇ ಅಪ್ಪಾ" ಎಂದಳು. ಅಲ್ಲಿಂದ ಮುಂದೆ ಪ್ರತಿ ಗುರುತಿಗೂ ಅವನು ಕೇಳಿದ. ಪ್ರತಿ ಸಲವೂ ಅದೇ ಆಗಿತ್ತು. ಕಾಗದವೂ ಅದನ್ನೇ ಹೇಳುತ್ತಿತ್ತು. ನಲವತ್ತೊಂದಕ್ಕೂ ಟಿಕ್ಕು ಬಿದ್ದ ಮೇಲೆ, ಹಾಡಿಯ ಅಂಗಳದಲ್ಲಿ, ಕಾಳಜ್ಜ ಕೋಲನ್ನು ಮಗಳ ಕೈಗೆ ಕೊಟ್ಟ.

"ಮುಂದ್ಲ ಸಲ ನೀ ನಡಿ. ನಂಗೆ ತಪ್ಪೋತದೆ."

"ನಂಗ್ಯಾಕೆ? ನಿಂಗೇನಾಗದೆ?"

"ಬರ್ದವ್ರಲ್ಲ" ಎಂದ ಕಾಳಜ್ಜ.

ಸೋಮವಾರ ತೇಜಸ್ ನೂಲ್ಪುಳದ ಕಡೆಯ ಫೈಲು ಮತ್ತು ಇನ್ನೊಂದನ್ನು ಸ್ಟೈಲ್‌ಶೀಟಿನಲ್ಲಿ ಮತ್ತೆ ಓಡಿಸಿದ. ಅಚ್ಚು ಸ್ಪಷ್ಟವಿರಲಿಲ್ಲ ಎಂದು ಬರೆದು ಬದಲಿ ಪ್ರತಿ ಕಳಿಸಿದ. ಯಾರೂ ಕೇಳಲಿಲ್ಲ. ಆ ನಾಲ್ಕು ಮೌನಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ತಾನು ಬಾಯಿ ಮುಚ್ಚಿದ್ದರಿಂದಲೇ ಅವು ಉಳಿದವು ಎಂದು ಕೆಲವು ದಿನ ಅನ್ನಿಸಿತು. ಕೆಲವು ದಿನ ಹಾಗೆ ಅನ್ನಿಸಲಿಲ್ಲ. ಅಂಥ ದಿನ ಕೋಣೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಬಾವಲಿಯವರೆಗೆ ಹೋಗಿ, ಸೇತುವೆಯ ಮೇಲೆ ನಿಂತು, ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದ.

ಡಿಸೆಂಬರಿನಲ್ಲಿ ಮಂಜೂರಾದ ಪ್ರತಿ ಬಂತು. ಅದನ್ನು ಹಾಡಿಗೆ ಒಯ್ದು ಕೊಟ್ಟವನೂ ಅವನೇ. ಕಾಳಜ್ಜ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ತೇಜಸ್ ಪಕ್ಕದಲ್ಲಿ ಕೂತ.

"ಆ ಕಡಲಾಸ್ನಲ್ಲಿ ನಾ ಎಲ್ಲಿ ಬಿಟ್ಟಿದ್ದೆ, ಅದ್ನ ಓದು" ಎಂದ ಕಾಳಜ್ಜ.

"ಯಾಕಜ್ಜ ಅದು. ಆಯ್ತಲ್ಲ."

"ಆ ಹುಡ್ಗಿ ಜೊತ್ಗೆ ಹೋದ್ ದಿನ ನಾ ದಿಣ್ಣೆ ಸುತ್ತಿದ್ದೆ ಅಂತ್ಲೇ ನನ್ ತಲೇಲಿ ಅದೆ. ಕಾಲ್ಗೂ ನೆನ್ಪದೆ." ಅವನು ತನ್ನ ಕಾಲು ನೋಡಿಕೊಂಡ. "ಅದು ಬ್ಯಾರೆ ಯಾವ್ದೋ ವರ್ಷ ಇರ್ಬೇಕು. ಸೇರೋಗದೆ ಒಂದ್ರಲ್ಲೊಂದು."

ಚಾತಿ ಒಳಗಿನಿಂದ ಕಟ್ಟನ್ ತಂದು ಇಬ್ಬರ ನಡುವೆ ಇಟ್ಟಳು. ನಿಂತೇ ಇದ್ದಳು. ಕೋಲು ಬಾಗಿಲ ಸಂದಿಯಲ್ಲಿ ಒರಗಿತ್ತು.

"ಮಿಷಿನ್ ಸಾರೇ" ಎಂದಳು. "ಅವತ್ತು ನಾ ಕೇಳಿದ್ನಲ್ಲ, ಚೀಲ..."

ತೇಜಸ್ ತಲೆಯೆತ್ತಿದ. "ಏನಕ್ಕಾ?"

ಅವಳು ಅವನನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿ, ಬಗ್ಗಿ, ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದಳು. "ಏನಿಲ್ಲ. ಆರೋತದೆ, ಕುಡಿ."

ಅವನು ಕುಡಿದ. ಮೂರೂವರೆಯ ಬಸ್ಸಿಗೆ ಹೊರಟ. ಆಮೇಲೆಯೂ ಎಷ್ಟೋ ಸಲ ಆ ಹಾಡಿಗೆ ಹೋದ, ಆ ಜಗಲಿಯಲ್ಲಿ ಕೂತ, ಆ ಮುದುಕನ ಪಕ್ಕದಲ್ಲೇ. ಕಾಳಜ್ಜ ಏನನ್ನೂ ಮರೆತಿರಲಿಲ್ಲ, ಮರೆತದ್ದು ನಾನು ಎಂದು ಅವನು ಯಾವತ್ತೂ ಹೇಳಲಿಲ್ಲ.